ಶಾಸನಕ್ಕೆ ಮುಂಚಿನ ಶಾಲೆ: ಬೀದರ, ಭಾಲ್ಕಿ, ಸಂತಪುರಗಳ ವಿದ್ಯಾಚರಿತ್ರೆಯಿಂದ

ಒಂದು ಪ್ರಾಂತದ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಶಾಸನಸಭೆಯ ಕಲಾಪಗಳಿಂದಲೋ ಇಲಾಖೆಯ ಸುತ್ತೋಲೆಗಳಿಂದಲೋ ಆರಂಭಿಸಿ, ಶಾಲೆಗಳನ್ನು ಅವುಗಳಿಂದ ಜನಿಸಿದ ಫಲಗಳೆಂಬಂತೆ ವರ್ಣಿಸುವುದು ವಾಡಿಕೆ. ಅರಸರೂ ದಿವಾನರೂ ವಿದ್ಯಾಭ್ಯಾಸವನ್ನು ರಾಜಕಾರ್ಯವೆಂದು ಭಾವಿಸಿದ್ದ ಹಳೆಯ ಮೈಸೂರಿನ ಮಟ್ಟಿಗೆ ಈ ಕ್ರಮ ಸಲ್ಲಬಹುದು. ಮಂಜರಾ ನದಿಯ ಆಚೀಚೆಗಿನ ನಮ್ಮ ಸೀಮೆಗೆ ಅದು ಸಲ್ಲದು. ಇಲ್ಲಿ ಶಾಲೆ ಮೊದಲು ಹುಟ್ಟಿತು. ಶಾಸನವು ಅದನ್ನು ಹುಡುಕಿಕೊಂಡು ಬಂದದ್ದು ಆಮೇಲೆ. ಗೌರವ ಪುರಸ್ಕಾರಗಳು ಬಂದದ್ದು ಇನ್ನೂ ತಡವಾಗಿ. ಈ ಕ್ರಮವಿಪರ್ಯಾಸವನ್ನು ಮರೆತರೆ ಸಂತಪುರ ಹೋಬಳಿಯ ಒಬ್ಬ ಮಾಸ್ತರರ ಕೆಲಸದ ಬೆಲೆಯೂ ತಿಳಿಯದು, ಬೆಂಗಳೂರಿನಲ್ಲಿ ಅಂಗೀಕೃತವಾದ ಒಂದು ಅಧಿನಿಯಮದ ಬೆಲೆಯೂ ತಿಳಿಯದು.

ಪ್ರಾಚೀನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗುತ್ತೇನೆ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ಇಂದಿನ ಚಿತ್ತಾಪುರ ತಾಲ್ಲೂಕಿನ ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿದ್ದಿತೆಂಬುದನ್ನೂ, ಅಲ್ಲಿ ವೇದಶಾಸ್ತ್ರಗಳ ಅಧ್ಯಾಪಕರೊಡನೆ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರಿಗೂ ವೃತ್ತಿಯನ್ನು ಬಿಡಲಾಗಿತ್ತೆಂಬುದನ್ನೂ 1058ರ ಶಿಲಾಶಾಸನವು ಸಾರುತ್ತದೆ. ಗ್ರಂಥಪಾಲಕನಿಗೆ ಸಂಬಳ ಕೊಡಬೇಕೆಂಬ ವಿವೇಕವು ಒಂಬೈನೂರು ವರ್ಷಗಳಾಚೆಗೇ ಈ ನೆಲದಲ್ಲಿ ಇದ್ದಿತಲ್ಲ ಎಂದು, ಗ್ರಂಥಾಲಯದ ಕೋಣೆಗೆ ಬೀಗ ಜಡಿದಿರುವ ಇಂದಿನ ಕೆಲವು ಪ್ರೌಢಶಾಲೆಗಳನ್ನು ಕಂಡಾಗ ನೆನಪಾಗದೆ ಇರದು. ಬೀದರ ಪಟ್ಟಣದಲ್ಲಿ ಬಹಮನೀ ರಾಜ್ಯದ ಮಂತ್ರಿ ಖ್ವಾಜಾ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾ ಪರ್ಷಿಯಾದ ವಿದ್ಯಾಮಂದಿರಗಳ ಮಾದರಿಯದು. ನೀಲಿ ಹಸಿರು ಬಣ್ಣಗಳ ಹೆಂಚಿನ ಕೆಲಸವು ಅದರ ಮುಖಭಿತ್ತಿಯಲ್ಲಿ ಈಗಲೂ ತುಣುಕು ತುಣುಕಾಗಿ ಉಳಿದಿದೆ. ಅಂಥ ಮಂತ್ರಿಯನ್ನು ಚಾಡಿಮಾತಿಗೆ ಕಿವಿಗೊಟ್ಟ ಸುಲ್ತಾನನು 1481ರಲ್ಲಿ ಕೊಲ್ಲಿಸಿದನು. ಆತನ ಮದರಸಾ ಔರಂಗಜೇಬನ ಆಳ್ವಿಕೆಯಲ್ಲಿ ಸೈನ್ಯದ ವಶಕ್ಕೆ ಹೋಗಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಅರ್ಧ ಕುಸಿಯಿತು. ಪಾಠದ ಕೋಣೆಯನ್ನು ಬೇರೆ ಕೆಲಸಕ್ಕೆ ಹಚ್ಚುವ ಅಭ್ಯಾಸ ನಮ್ಮ ಕಾಲದ್ದು ಮಾತ್ರವಲ್ಲ.

ನಿಜವಾದ ವಿಷಯ ಆರಂಭವಾಗುವುದು ನಿಜಾಮರ ಆಡಳಿತದಿಂದ. ಹೈದರಾಬಾದು ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡಗಳನ್ನಾಡುವ ಜನವೇ ಬಹುಸಂಖ್ಯೆಯಲ್ಲಿದ್ದರೂ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾರಸಿಯ ಸ್ಥಾನಕ್ಕೆ ಬಂದ ಉರ್ದುವೇ ಕಚೇರಿಯ ಭಾಷೆಯೂ, ಕ್ರಮೇಣ ಶಾಲೆಯ ಭಾಷೆಯೂ ಆಯಿತು. ಶಾಲೆಗಳಿಗೆ ತಹ್ತಾನಿಯಾ, ವಸ್ತಾನಿಯಾ, ಫೋಕಾನಿಯಾ ಎಂಬ ಮೂರು ಮೆಟ್ಟಿಲುಗಳು. ಅವುಗಳ ಮೇಲೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಲೇಬೇಕು. ವೈದ್ಯ, ಗಣಿತ, ಕಾನೂನುಗಳನ್ನು ಇಂಗ್ಲಿಷಿನ ಹಂಗಿಲ್ಲದೆ ಭಾರತೀಯ ಭಾಷೆಯೊಂದರಲ್ಲಿಯೇ ಬೋಧಿಸಬಹುದೆಂದು ತೋರಿಸಿದ ಆ ವಿಶ್ವವಿದ್ಯಾಲಯದ ಸಾಹಸವು ಸಾಮಾನ್ಯವಾದುದಲ್ಲ. ಅದರ ಭಾಷಾಂತರ ವಿಭಾಗವು ಮಾಡಿದ ಕೆಲಸವನ್ನು ಕನ್ನಡದವರೂ ಅಸೂಯೆಯಿಂದ ನೋಡಬೇಕಾದುದೇ. ಆದರೆ ಆ ಭಾಷೆ ಔರಾದಿನ ಒಕ್ಕಲಿಗನ ಮನೆಯ ಮಾತಾಗಿರಲಿಲ್ಲ. ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಗೆ ಕಾಗದದ ಮೇಲೆ ಅವಕಾಶವಿದ್ದಿತಾದರೂ, ಕಲಿಸುವ ಮಾಸ್ತರನೂ ಪುಸ್ತಕವೂ ದೊರೆಯದ ಅವಕಾಶದಿಂದ ಪ್ರಯೋಜನವೇನು? ಹುಡುಗನು ಶಾಲೆಯ ಹೊಸ್ತಿಲು ದಾಟುವುದೆಂದರೆ ಭಾಷೆಯನ್ನು ಹೊರಗೆ ಬಿಟ್ಟು ಒಳಗೆ ಹೋಗುವುದೆಂದೇ ಆಗಿತ್ತು.

ಸರ್ಕಾರ ಕೊಡದಿದ್ದುದನ್ನು ಜನರೇ ಮಾಡಿಕೊಳ್ಳೋಣವೆಂದರೆ ಅದಕ್ಕೂ ಕಾಯಿದೆಯ ತಡೆ. 1920ರ ದಶಕದಲ್ಲಿ ಬಂದ ನಿಯಮಗಳಂತೆ ಖಾಸಗಿ ಶಾಲೆಯನ್ನು ತೆರೆಯಲು ಶಿಕ್ಷಣ ಇಲಾಖೆಯ ಪೂರ್ವಾನುಮತಿ ಅವಶ್ಯವಾಯಿತು. 1929ರ ಗಸ್ತಿ ನಿಶಾನ್ 53 ಎಂಬ ಕುಖ್ಯಾತ ಸುತ್ತೋಲೆಯು ಸಾರ್ವಜನಿಕ ಸಭೆಗಳಿಗೂ ಅಪ್ಪಣೆಯನ್ನು ಕಡ್ಡಾಯ ಮಾಡಿತು. ನಮ್ಮ ಸೀಮೆಯು ಕಂಡ ಮೊದಲನೆಯ ಶಾಲಾ ಶಾಸನವು ಶಾಲೆಯನ್ನು ತೆರೆಯಿರೆಂದು ವಿಧಿಸಿದ ಶಾಸನವಲ್ಲ, ಕೇಳದೆ ತೆರೆಯಬೇಡಿರೆಂದು ವಿಧಿಸಿದ ಶಾಸನ.

ಭಾಲ್ಕಿಯ ಹಿರೇಮಠವು ವಿದ್ಯಾಸಂಸ್ಥೆಯಾಗಿ ರೂಪುಗೊಂಡದ್ದು ಈ ತಡೆಯ ನೆರಳಿನಲ್ಲಿಯೇ. ಕಮಲನಗರದಲ್ಲಿ 1890ರ ಡಿಸೆಂಬರ್ 22ರಂದು ಜನಿಸಿ, ಬಾದಾಮಿಯ ಬಳಿಯ ಶಿವಯೋಗಮಂದಿರದಲ್ಲಿ ವ್ಯಾಸಂಗ ಮಾಡಿ, ಭಾಲ್ಕಿಯ ಪೀಠವನ್ನೇರಿದ ಡಾ. ಚನ್ನಬಸವ ಪಟ್ಟದ್ದೇವರು ತಮ್ಮ ಭಕ್ತರ ಮಕ್ಕಳು ವಚನಗಳನ್ನು ಓದಲಾರದವರಾಗಿ ಬೆಳೆಯುತ್ತಿರುವುದನ್ನು ಕಂಡರು. ಮಠಕ್ಕೆ ಬಂದ ಭಕ್ತನು ಕಾಣಿಕೆಯನ್ನಿಟ್ಟು, ನಮಸ್ಕರಿಸಿ, ಗೋಡೆಯ ಮೇಲಿನ ಬಸವಣ್ಣನವರ ಹೆಸರನ್ನು ಓದಲಾರದೆ ಹಿಂದಿರುಗುವುದಾದರೆ ಮಠವಿದ್ದು ಏನಾಯಿತು? ಅಪ್ಪಾವರು ಹಿಡಿದ ಉಪಾಯವನ್ನು ಜಿಲ್ಲೆಯ ಹಿರಿಯರು ಇಂದಿಗೂ ನಗುತ್ತ ಹೇಳುತ್ತಾರೆ: ಬಾಗಿಲ ಮೇಲೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ತಪಾಸಣೆಯ ಅಧಿಕಾರಿಗೆ ಕಾಣಬೇಕಾದುದು ಹೊರಗೆ ಕಾಣುತ್ತಿತ್ತು. ಮಕ್ಕಳಿಗೆ ಬೇಕಾದುದು ಒಳಗೆ ನಡೆಯುತ್ತಿತ್ತು.

ಈ ಕಥೆಯನ್ನು ಚಮತ್ಕಾರವೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಆ ಫಲಕದ ಹಿಂದೆ ಎಷ್ಟು ದಿನಗಟ್ಟಲೆಯ ಕೆಲಸವಿದ್ದಿತೆಂಬುದನ್ನು ಯೋಚಿಸಬೇಕು. ಕನ್ನಡ ಓದುಪುಸ್ತಕಗಳು ಸಂಸ್ಥಾನದ ಗಡಿಯಾಚೆಯಿಂದ ಬರಬೇಕು. ಕನ್ನಡವನ್ನು ಕಲಿಸಬಲ್ಲ ಮಾಸ್ತರರನ್ನು ಹುಡುಕಿ ತರಬೇಕು. ತಂದವರಿಗೆ ಊಟ, ವಸತಿ, ಕೈಗಿಷ್ಟು ದುಡ್ಡು ಒದಗಿಸಬೇಕು. ದೂರದ ಹಳ್ಳಿಗಳ ಹುಡುಗರಿಗೆ ಪ್ರಸಾದನಿಲಯ ಬೇಕು. ಅದರಲ್ಲಿ ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಧೈರ್ಯ ಬೇಕು, ಏಕೆಂದರೆ ಅದನ್ನು ಆಕ್ಷೇಪಿಸುವವರು ಇಲಾಖೆಯವರಲ್ಲ, ಮಠದ ಭಕ್ತರೇ. ಪಟ್ಟದ್ದೇವರು ಜೋಳಿಗೆ ಹಿಡಿದು ಊರೂರು ಸುತ್ತಿದರು. ಸುಗ್ಗಿಯಲ್ಲಿ ಬಂದ ಜೋಳ, ತೊಗರಿಬೇಳೆಗಳೇ ಶಾಲೆಯ ಆಯವ್ಯಯ. ಮುಂದೆ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯೆಂಬ ಹೆಸರಿನಲ್ಲಿ ಭಾಲ್ಕಿ, ಕಮಲನಗರಗಳಲ್ಲಿ ಶಾಲೆ ಕಾಲೇಜುಗಳ ಸಮೂಹವಾಗಿ ಬೆಳೆದ ವೃಕ್ಷದ ಬೀಜ ಈ ಜೋಳಿಗೆಯಲ್ಲಿದ್ದಿತು. ಆ ಸಂಸ್ಥೆಯ ಬೆಳವಣಿಗೆಯಲ್ಲಿ, ಬೀದರವನ್ನು ಕನ್ನಡ ನಾಡಿಗೆ ಸೇರಿಸಬೇಕೆಂದು ಹೋರಾಡಿದ ಭೀಮಣ್ಣ ಖಂಡ್ರೆಯವರ ಪಾತ್ರವೂ ದೊಡ್ಡದು. ಮಠವೊಂದು ಶಾಲೆಯನ್ನು ನಡೆಸುವುದರಲ್ಲಿ ಅಪಾಯಗಳೂ ಉಂಟು: ವಿದ್ಯೆ ಮತದ ಅಂಗವಾಗಿಬಿಡಬಹುದು, ಆಡಳಿತವು ಭಕ್ತಿಯ ಹೆಸರಿನಲ್ಲಿ ಪ್ರಶ್ನಾತೀತವಾಗಬಹುದು. ಭಾಲ್ಕಿಯ ವಿಶೇಷವೆಂದರೆ ಆ ಶಾಲೆ ಭಾಷೆಯ ನಿಮಿತ್ತ ಹುಟ್ಟಿದ್ದು. ಆದುದರಿಂದ ಕನ್ನಡ ಬೇಕೆಂದು ಬಂದವರೆಲ್ಲರಿಗೂ ಅದರ ಬಾಗಿಲು ತೆರೆದಿದ್ದಿತು.

ಪಟ್ಟದ್ದೇವರು 1999ರ ಏಪ್ರಿಲ್ 22ರವರೆಗೆ, ನೂರೆಂಟು ವರ್ಷಗಳ ತುಂಬು ಬಾಳನ್ನು ಬಾಳಿ, ನಿಜಾಮರ ಸಂಸ್ಥಾನ, ಮೈಸೂರು ರಾಜ್ಯ, ಕರ್ನಾಟಕ ರಾಜ್ಯಗಳೆಂಬ ಮೂರು ಆಡಳಿತಗಳ ಶಿಕ್ಷಣ ನೀತಿಗಳನ್ನು ಕಂಡರು. ಬೀದರದ ಜಿಲ್ಲಾ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ. ಶಿಕ್ಷಕರ ದಿನಾಚರಣೆಯಂಥ ಸಮಾರಂಭಗಳಲ್ಲಿ ಅಲ್ಲಿ ಶಾಲು ಹೊದೆಸಿಕೊಳ್ಳುವ ಮಾಸ್ತರರು ತಮ್ಮ ವೃತ್ತಿಗೆ ಈ ಜಿಲ್ಲೆಯಲ್ಲಿ ಆದಿಪುರುಷರೆನ್ನಬಹುದಾದವರೊಬ್ಬರ ಹೆಸರಿನಡಿಯಲ್ಲಿಯೇ ನಿಂತಿರುತ್ತಾರೆ.

ಆ ಕಾಲದ ಕುರುಹನ್ನು ಕಣ್ಣಾರೆ ಕಾಣಬೇಕೆಂದಿರುವವರು ಈ ಭಾಗದ ಹಳೆಯ ಶಾಲೆಯೊಂದರ ದಾಖಲಾತಿ ರಿಜಿಸ್ಟರನ್ನು ಬಿಚ್ಚಿ ನೋಡಬಹುದು. ಮೊದಲ ಪುಟಗಳು ಉರ್ದು ಲಿಪಿಯಲ್ಲಿ, ಬಲದಿಂದ ಎಡಕ್ಕೆ; ತಾರೀಖುಗಳು ಫಸಲಿ ಶಕೆಯಲ್ಲಿ, ಆಜರ್, ದೈ, ಬಹ್ಮನ್ ಎಂದು ಮೊದಲಾಗುವ ತಿಂಗಳುಗಳಲ್ಲಿ. ಫಸಲಿ ವರ್ಷಕ್ಕೆ 590ನ್ನು ಕೂಡಿಸಿದರೆ ಇಸವಿ ಸಿಕ್ಕುತ್ತದೆಂಬ ಲೆಕ್ಕವನ್ನು ಇಲ್ಲಿಯ ಹಳೆಯ ಗುಮಾಸ್ತರು ಬಾಯಿಪಾಠವಾಗಿ ಬಲ್ಲರು. ಪುಟ ಮಗುಚುತ್ತ ಹೋದಂತೆ ಲಿಪಿ ಬದಲಾಗುತ್ತದೆ, ಶಕೆ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಹೆಸರುಗಳು ಮತ್ತು ಊರುಗಳು. ಕನ್ನಡದ ಪುಟಗಳಿಗೆ ಬಂದ ಮೇಲೆ ಇನ್ನೊಂದು ವಿಚಿತ್ರ ಕಾಣುತ್ತದೆ: ಅರ್ಧ ಊರಿನ ಮಕ್ಕಳು ಜೂನ್ 1ರಂದೇ ಹುಟ್ಟಿದ್ದಾರೆ. ತಂದೆತಾಯಿಗಳಿಗೆ ತಿಥಿ ನೆನಪಿಲ್ಲದಾಗ, ಮಗುವಿನ ಬಲಗೈ ತಲೆಯ ಮೇಲಿಂದ ಎಡಕಿವಿಗೆ ಮುಟ್ಟುವುದೋ ಇಲ್ಲವೋ ನೋಡಿ, ಮುಟ್ಟಿದರೆ ಆ ದಿನವನ್ನೇ ಜನ್ಮದಿನವೆಂದು ಬರೆದುಕೊಂಡ ಮಾಸ್ತರರ ಕೃಪೆ ಅದು. ಮುಂದೆ ನೌಕರಿ, ನಿವೃತ್ತಿ, ಪಿಂಚಣಿಗಳೆಲ್ಲ ಆ ಒಂದು ಗೆರೆಯ ಮೇಲೆ ನಡೆದವು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಭಾರತದಲ್ಲಿ ವಿಲೀನವಾಗುವುದಕ್ಕೆ ದಾರಿಯಾದ ಮೇಲೆ ಶಾಲೆಗಳ ಫಲಕಗಳನ್ನು ಧೈರ್ಯವಾಗಿ ಬದಲಾಯಿಸಬಹುದಾಯಿತು. 1952ರಲ್ಲಿ ಹೈದರಾಬಾದು ರಾಜ್ಯವು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಅಧಿನಿಯಮವನ್ನು ಮಾಡಿತು. ಬಳಿಕ 1956ರ ನವೆಂಬರ್ 1. ಆ ದಿನ ಜಾರಿಗೆ ಬಂದ ರಾಜ್ಯ ಪುನರ್ವಿಂಗಡಣಾ ಅಧಿನಿಯಮವು ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿತು: ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ತಾಲ್ಲೂಕು, ನ್ಯಾಲ್ಕಲ್ ವೃತ್ತ, ನಿರ್ಣಾ ವೃತ್ತವನ್ನುಳಿದ ಜಹೀರಾಬಾದು ಆಂಧ್ರಕ್ಕೆ, ಉಳಿದುದು ಮೈಸೂರಿಗೆ. ಹಳೆಯ ಕಂದಾಯ ಪತ್ರಗಳಲ್ಲಿ ಔರಾದಿಗೆ ಪರ್ಯಾಯನಾಮವಾಗಿ ಸಲ್ಲುತ್ತಿದ್ದ ಸಂತಪುರ ತಾಲ್ಲೂಕು, ನೆಂಟರನ್ನೂ ಸಂತೆಗಳನ್ನೂ ಉದಗೀರ, ದೇಗಲೂರುಗಳಲ್ಲಿ ಬಿಟ್ಟು, ಹೊಸ ರಾಜ್ಯದ ಉತ್ತರದ ತುತ್ತತುದಿಯಾಯಿತು.

ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯು 350 ಎ ಎಂಬ ಅನುಚ್ಛೇದವನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿಯೇ ಬೋಧನೆ ದೊರೆಯುವಂತೆ ಅನುಕೂಲ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳಿತು. ಈ ಎರಡೂ ಶಾಸನಗಳು ಒಂದೇ ಬೆಳಗಿನಲ್ಲಿ ಬಂದುದನ್ನು ನಮ್ಮವರು ಬಹುಮಟ್ಟಿಗೆ ಗಮನಿಸಿದಂತಿಲ್ಲ. ಕನ್ನಡವನ್ನು ಬಚ್ಚಿಟ್ಟು ಕಲಿಯಬೇಕಾಗಿದ್ದ ಸೀಮೆಯು, ಕನ್ನಡ ರಾಜ್ಯಕ್ಕೆ ಸೇರಿದ ದಿನವೇ, ಮರಾಠಿ, ಉರ್ದು, ತೆಲುಗು ಮಕ್ಕಳು ತಮ್ಮ ಭಾಷೆಯನ್ನು ಬಚ್ಚಿಡಬೇಕಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಹೊತ್ತಿತು. ಔರಾದ್ ತಾಲ್ಲೂಕಿನಲ್ಲಿ ಸರ್ಕಾರಿ ಮರಾಠಿ ಶಾಲೆಗಳು ಇಂದಿಗೂ ಇರುವುದು ಈ ಹೊಣೆಯ ನಿರ್ವಹಣೆಯೇ ಹೊರತು ಯಾರ ಔದಾರ್ಯವೂ ಅಲ್ಲ.

ಹೊಸ ರಾಜ್ಯದಲ್ಲಿ ಐದು ಆಡಳಿತಗಳಿಂದ ಬಂದ ಐದು ಬಗೆಯ ಶಾಲಾ ಕಾನೂನುಗಳಿದ್ದವು. ಬಿ.ಡಿ. ಜತ್ತಿಯವರ ಮಂತ್ರಿಮಂಡಲದಲ್ಲಿ ಕಲಬುರಗಿಯ ಅಣ್ಣಾರಾವ್ ಗಣಮುಖಿಯವರು ಶಿಕ್ಷಣ ಮಂತ್ರಿಗಳಾಗಿದ್ದಾಗ, ಇವುಗಳ ಸ್ಥಾನದಲ್ಲಿ ಮೈಸೂರು ಕಡ್ಡಾಯ ಪ್ರಾಥಮಿಕ ಶಿಕ್ಷಣ ಅಧಿನಿಯಮ, 1961 ಬಂದಿತು. ಮಗುವನ್ನು ಶಾಲೆಗೆ ಕಳುಹಿಸದ ಪೋಷಕನಿಗೆ ನೋಟೀಸು, ಹಾಜರಿಯ ಅಧಿಕಾರಿ, ಶಾಲಾವಯಸ್ಸಿನ ಮಕ್ಕಳ ಪಟ್ಟಿ ಎಲ್ಲವೂ ಅದರಲ್ಲಿದ್ದವು. ನಡೆದು ಹೋಗುವಷ್ಟು ದೂರದಲ್ಲಿ ಶಾಲೆಯಿಲ್ಲದಿರುವುದು ಪೋಷಕನಿಗೆ ಸಮರ್ಥವಾದ ಸಬೂಬೆಂದೂ ಶಾಸನ ಒಪ್ಪಿಕೊಂಡಿತ್ತು. ಔರಾದಿನ ತಾಂಡಾಗಳಲ್ಲಿ ಆ ಸಬೂಬು ಎಷ್ಟು ವರ್ಷಗಳ ಕಾಲ ಸಮರ್ಥವಾಗಿಯೇ ಉಳಿಯಿತೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ಶಾಲೆಯಿದ್ದೆಡೆಯಲ್ಲಿಯೂ ಹೆಸರು, ಉದ್ದು ಬಿಡಿಸುವ ದಿನಗಳಲ್ಲಿ ಮಕ್ಕಳು ಹೊಲದಲ್ಲಿ. ದೀಪಾವಳಿಯ ಆಚೆಗೆ ತಂದೆತಾಯಿಗಳೊಡನೆ ಹೈದರಾಬಾದಿನ ಕಟ್ಟಡದ ಕೆಲಸಕ್ಕೋ ಮಹಾರಾಷ್ಟ್ರದ ಕಬ್ಬು ಕಡಿಯುವುದಕ್ಕೋ ಗುಳೆ. ನೋಟೀಸನ್ನು ಯಾವ ಬಾಗಿಲಿಗೆ ಅಂಟಿಸುವುದು? ಮಾಸ್ತರರು ಅಂಟಿಸಲೂ ಇಲ್ಲ. ಗುಳೆ ಹೋಗುವ ಕುಟುಂಬದ ಅಜ್ಜಿಯನ್ನು ಒಪ್ಪಿಸಿ ಮಗುವನ್ನು ಊರಲ್ಲಿ ಉಳಿಸಿಕೊಂಡರು. ಅಧಿನಿಯಮವು ಸಫಲವಾದೆಡೆಗಳಲ್ಲಿ ಸಫಲವಾದುದು ಹೀಗೆ.

ಮುಂದಿನ ಶಾಸನಗಳನ್ನು ಬೇಗನೆ ಹೇಳಿಬಿಡಬಹುದು. 1983ರಲ್ಲಿ ರೂಪುಗೊಂಡ ಕರ್ನಾಟಕ ಶಿಕ್ಷಣ ಅಧಿನಿಯಮವು ರಾಷ್ಟ್ರಪತಿಗಳ ಒಪ್ಪಿಗೆಯ ದಾರಿಯಲ್ಲಿ ಬಹುಕಾಲ ನಿಂತು 1995ರಲ್ಲಿ ಜಾರಿಗೆ ಬಂದಿತು. ಸಂವಿಧಾನದ 86ನೆಯ ತಿದ್ದುಪಡಿಯ ಫಲವಾದ 2009ರ ಶಿಕ್ಷಣ ಹಕ್ಕು ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಪೋಷಕನ ಕರ್ತವ್ಯವಾಗಿದ್ದುದು ಮಗುವಿನ ಹಕ್ಕಾಯಿತು. ಇವೆರಡರ ನಡುವೆ, 2001ರ ಏಪ್ರಿಲ್ 28ರ ಆದೇಶದಿಂದ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನೂ, 2002ರ ಅಕ್ಷರ ದಾಸೋಹವನ್ನೂ ನಾನು ಹೆಚ್ಚಿನವೆಂದು ಎಣಿಸುತ್ತೇನೆ. ಬಿಸಿಯೂಟವು ರಾಜ್ಯದಲ್ಲಿ ಮೊದಲು ಆರಂಭವಾದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಬೀದರವೂ ಒಂದು. ಭಾಲ್ಕಿಯ ಪ್ರಸಾದನಿಲಯದಲ್ಲಿ ಜೋಳಿಗೆಯ ಜೋಳದಿಂದ ನಡೆದುದನ್ನು ಸರ್ಕಾರವು ಖಜಾನೆಯ ಅಕ್ಕಿಯಿಂದ, ಶರಣರದೇ ಮಾತನ್ನು ಹೆಸರಾಗಿರಿಸಿಕೊಂಡು, ನಡೆಸತೊಡಗಿತು. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆಯ ಕಾರಣದಿಂದ ಈ ಭಾಗದ ಮಕ್ಕಳಿಗೆ ಮೊಟ್ಟೆಯನ್ನು ಕೊಡಲು ಆರಂಭಿಸಿದಾಗ ಎದ್ದ ವಿವಾದದಲ್ಲಿ, ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಕೊಟ್ಟ ಉತ್ತರವೇ ನನಗೆ ಎಲ್ಲಕ್ಕಿಂತ ಯುಕ್ತವಾಗಿ ತೋರಿತು.

ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರ ವರದಿಯಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಔರಾದ್, ಭಾಲ್ಕಿಗಳೂ ಅವುಗಳಲ್ಲಿದ್ದವು. ವೈಜನಾಥ ಪಾಟೀಲರಂಥವರು ಈ ಹಿಂದುಳಿದ ಭಾಗಕ್ಕಾಗಿ ದಶಕಗಳ ಕಾಲ ಕೇಳಿದ 371 ಜೆ ಅನುಚ್ಛೇದವು 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿ, ಪ್ರತ್ಯೇಕ ಮಂಡಳಿಗೂ ಶಿಕ್ಷಣ ಉದ್ಯೋಗಗಳ ಮೀಸಲಾತಿಗೂ ಆಧಾರವಾಯಿತು. ಜಿಲ್ಲೆಯ ಸಾಕ್ಷರತೆ 2001ರಲ್ಲಿ ಶೇಕಡಾ 60.94 ಇದ್ದುದು 2011ರಲ್ಲಿ 70.51ಕ್ಕೆ ಏರಿತು, ಆದರೂ ರಾಜ್ಯದ 75.36ಕ್ಕೆ ಕೆಳಗೇ. ಎಸ್.ಎಸ್.ಎಲ್.ಸಿ. ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ನಮ್ಮ ಜಿಲ್ಲೆಯನ್ನು ಕೆಳಗಿನಿಂದ ಹುಡುಕುವುದೇ ಪತ್ರಿಕೆಯವರಿಗೆ ರೂಢಿಯಾಗಿದೆ. ಅದೇ ಜಿಲ್ಲೆಯ ಬೀದರ ನಗರದಲ್ಲಿ 1989ರಲ್ಲಿ ಒಂದು ಕೋಣೆಯಲ್ಲಿ, ಬೆರಳೆಣಿಕೆಯ ಮಕ್ಕಳಿಂದ ಆರಂಭವಾದ ಶಾಹೀನ್ ಶಿಕ್ಷಣ ಸಂಸ್ಥೆಗೆ ದೇಶದ ನಾನಾ ಕಡೆಗಳಿಂದ ವೈದ್ಯಕೀಯ ಪ್ರವೇಶ ಪರೀಕ್ಷೆಯ ಅಭ್ಯರ್ಥಿಗಳು ಬರುತ್ತಿರುವುದೂ ನಿಜ. ಈ ಎರಡು ಸತ್ಯಗಳು ಒಂದೇ ಜಿಲ್ಲೆಯಲ್ಲಿ ಹೇಗೆ ವಾಸಿಸುತ್ತವೆಂಬುದು ಶಿಕ್ಷಣಮಂತ್ರಿಗಳು ಯೋಚಿಸತಕ್ಕ ವಿಷಯ.

ಯೋಚಿಸಿದರೆ ಒಂದು ಕಾರಣ ಗೋಚರಿಸದಿರದು. ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸುವ 2007ರ ಅಧಿನಿಯಮವೂ, ಅದರ ಸ್ಥಾನಕ್ಕೆ ಬಂದ 2020ರ ಅಧಿನಿಯಮವೂ ಊರುಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿ, ದೂರದ ಸಿ ವಲಯದ ಶಾಲೆಗಳು ಬರಿದಾಗದಂತೆ ಕಟ್ಟು ಹಾಕಿದವು. ಆದರೂ ಕೌನ್ಸೆಲಿಂಗ್ ಮುಗಿದ ಮರುವಾರ ಗಡಿಯ ಶಾಲೆಯಲ್ಲಿ ಉಳಿಯುವುದು ಒಬ್ಬ ಖಾಯಂ ಶಿಕ್ಷಕ, ಐದು ತರಗತಿ, ಮತ್ತು ಮುಖ್ಯಗುರುಗಳೂ ಸಮಿತಿಯೂ ಸೇರಿ ಆ ವರ್ಷದ ಮಟ್ಟಿಗೆ ತೆಗೆದುಕೊಂಡ ಅತಿಥಿ ಶಿಕ್ಷಕರು. ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವನ್ನು ಔರಾದಿನ ಮರಾಠಿ ಶಾಲೆಯಲ್ಲಿ ದಿನನಿತ್ಯ ಪಾಲಿಸುತ್ತಿರುವವರು ಅನೇಕ ಕಡೆ ಇವರೇ. ಮನೆಯಲ್ಲಿ ಮರಾಠಿ, ಬಜಾರಿನಲ್ಲಿ ಉರ್ದು, ವರ್ಗದಲ್ಲಿ ಕನ್ನಡ ಮಾತಾಡುವ ಈ ತರುಣ ತರುಣಿಯರು 'ಆಯಿ' ಎಂದ ಮಗುವಿಗೆ 'ಅವ್ವ'ನನ್ನು ಕಲಿಸುವಾಗ ಮೊದಲಿನ ಮಾತನ್ನು ಅಳಿಸುವುದಿಲ್ಲ. ನಿಜಾಮರ ಕಾಲದ ಶಾಲೆ ಮಾಡಲಾರದೆ ಹೋದ ಕೆಲಸ ಇದೇ.

ಇನ್ನು ಗೌರವದ ಮಾತು. ಶಿಕ್ಷಕರಿಗೆ ರಾಷ್ಟ್ರಪ್ರಶಸ್ತಿಯನ್ನು ಕೊಡುವ ಪದ್ಧತಿ 1958ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ನರು 1962ರಲ್ಲಿ ರಾಷ್ಟ್ರಪತಿಗಳಾದ ಮೇಲೆ ಅವರ ಜನ್ಮದಿನವಾದ ಸೆಪ್ಟೆಂಬರ್ 5 ಶಿಕ್ಷಕರ ದಿನವಾಯಿತು. ರಾಜ್ಯಮಟ್ಟದಲ್ಲಿಯೂ ಜಿಲ್ಲಾಮಟ್ಟದಲ್ಲಿಯೂ ಉತ್ತಮ ಶಿಕ್ಷಕ ಪ್ರಶಸ್ತಿಗಳಿವೆ. ಶಾಲೆಗಳಿಗೆ ಸ್ವಚ್ಛ ವಿದ್ಯಾಲಯ ಪುರಸ್ಕಾರ, ಪರಿಸರ ಮಿತ್ರ ಶಾಲೆ ಪ್ರಶಸ್ತಿಗಳಿವೆ. 2018ರಿಂದ ರಾಷ್ಟ್ರಪ್ರಶಸ್ತಿಯ ಕ್ರಮ ಬದಲಾಗಿ, ಮುನ್ನೂರಕ್ಕೂ ಮಿಕ್ಕಿದ್ದ ಸಂಖ್ಯೆ ಐವತ್ತರೊಳಕ್ಕೆ ಇಳಿಯಿತು. ಶಿಕ್ಷಕರೇ ಜಾಲತಾಣದಲ್ಲಿ ಅರ್ಜಿ ಹಾಕಿಕೊಳ್ಳಬೇಕಾಯಿತು. ಶಿಫಾರಸು ಹೋಗಿ ಪಾರದರ್ಶಕತೆ ಬಂದಿತೆಂಬುದು ಒಪ್ಪತಕ್ಕ ಮಾತು. ಆದರೆ ತನ್ನ ಸಾಧನೆಯ ಚಿತ್ರಗಳನ್ನೂ ದಾಖಲೆಗಳನ್ನೂ ತಾನೇ ಸಂಗ್ರಹಿಸಿ ಸಲ್ಲಿಸುವ ಈ ವಿಧಾನದಲ್ಲಿ, ಐದು ತರಗತಿಗಳನ್ನು ಒಬ್ಬರೇ ನಡೆಸುವ ಮಾಸ್ತರರಿಗೆ ಬಿಡುವೆಲ್ಲಿ? ಬಾಗಿಲಿಗೆ ಬೇರೆ ಭಾಷೆಯ ಫಲಕ ಹಾಕಿ ಶಾಲೆ ನಡೆಸಿದ ಪಟ್ಟದ್ದೇವರು ಯಾವ ದಾಖಲೆಯನ್ನು ಸಲ್ಲಿಸುತ್ತಿದ್ದರೋ ನಾನರಿಯೆ. ಅವರ ಶಾಲೆಯ ಸಾಧನೆಯೆಲ್ಲ ದಾಖಲೆಗೆ ಸಿಕ್ಕದಂತೆ ನೋಡಿಕೊಳ್ಳುವುದರಲ್ಲಿಯೇ ಇದ್ದಿತು.

ಇನ್ನೊಂದು ನಿಬಂಧನೆ ಇದಕ್ಕಿಂತ ಕಠಿನವಾದುದು. ಗುತ್ತಿಗೆಯ ಮೇಲೆ ದುಡಿಯುವ ಶಿಕ್ಷಕರು ರಾಷ್ಟ್ರಪ್ರಶಸ್ತಿಗೆ ಅರ್ಹರಲ್ಲವೆಂದು ಅದರ ಮಾರ್ಗಸೂಚಿಯಲ್ಲಿಯೇ ಇದೆ. ಖಾಯಂ ಸೇವೆಯ ಶಿಸ್ತನ್ನು ಗೌರವಿಸುವ ಉದ್ದೇಶ ಅದರಲ್ಲಿರಬಹುದು. ನಿಯಮ ಮಾಡಿದವರು ದೆಹಲಿಯಲ್ಲಿ ಕುಳಿತು ಇಡೀ ದೇಶಕ್ಕೆ ಒಂದೇ ಗೆರೆ ಎಳೆಯಬೇಕಾಗಿದ್ದಿರಲೂಬಹುದು. ಆದರೆ ಪ್ರತಿವರ್ಷ ಮಾರ್ಚಿನಲ್ಲಿ ಕೆಲಸ ಕಳೆದುಕೊಂಡು, ಜೂನಿನಲ್ಲಿ ಪುನಃ ಅರ್ಜಿ ಹಾಕಿ, ಅದೇ ಶಾಲೆಯ ಅದೇ ವರ್ಗಕ್ಕೆ ಹಿಂದಿರುಗುವವರ ಸೇವೆಯನ್ನು ಅಳೆಯುವ ಕೋಲು ಯಾವ ಪಟ್ಟಿಯಲ್ಲಿಯೂ ಇಲ್ಲದಿರುವುದು ಗಡಿಯ ತಾಲ್ಲೂಕಿಗೆ ಆಗಿರುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ರಾಷ್ಟ್ರದ ನಿಯಮವನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಜಿಲ್ಲಾಮಟ್ಟದ ಪುರಸ್ಕಾರದಲ್ಲಿ ಅತಿಥಿ ಶಿಕ್ಷಕರಿಗೊಂದು ಸ್ಥಾನವನ್ನು ಕಲ್ಪಿಸುವುದಕ್ಕೆ ಅಷ್ಟು ದೊಡ್ಡ ಅಡ್ಡಿಯಿರಲಾರದು. ಅದಕ್ಕೂ ಮೊದಲು ಈ ಸಂಚಿಕೆಯ ಸಂಪಾದಕರಲ್ಲಿ ಒಂದು ವಿನಂತಿ: ಪ್ರಶಸ್ತಿವಿಜೇತರ ಭಾವಚಿತ್ರಗಳ ಪುಟದ ಎದುರಿಗೆ ಸಂತಪುರ ಹೋಬಳಿಯ ಎಲ್ಲ ಅತಿಥಿ ಶಿಕ್ಷಕರ ಹೆಸರು, ಊರು, ಕಲಿಸುವ ವಿಷಯ, ಬಿಟ್ಟು ಬಿಟ್ಟು ಕೂಡಿಸಿದ ಸೇವೆಯ ವರ್ಷಗಳು, ಇಷ್ಟನ್ನು ಆಯಾ ಶಾಲೆಯ ಹಾಜರಿ ಪುಸ್ತಕದಿಂದ ಎತ್ತಿ ಅಚ್ಚು ಹಾಕಬೇಕು.